ಪಂಚಮಿ ಸೀರೆಯ ಲೆಕ್ಕ

ಸವಣೂರಿನ ನೋಂದಣಿ ಕಚೇರಿಯ ಮುಂದೆ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಬಂಕಾಪುರದ ಬಾಡಿಗೆ ಮನೆ ಬಿಡಲು ಹತ್ತೇ ದಿನ ಉಳಿದಿದ್ದವು. ಕೊಳ್ಳಬೇಕಿದ್ದ ಮನೆಯ ಋಣಭಾರ ಪತ್ರ ಸ್ವಚ್ಛವಿತ್ತು, ಇ-ಖಾತೆಯೂ ಬಂದಿತ್ತು. ಆದರೂ ಪತ್ರ ಬರೆಯುವವರು ಪೆನ್ನು ಕೆಳಗಿಟ್ಟು, ಮಾರುವ ಚನ್ನವೀರಪ್ಪನನ್ನು ಕೇಳಿದರು: "ಇದು ತೀರಿಕೊಂಡ ನಿಮ್ಮಪ್ಪನ ಮನಿ. ನಿಮ್ಮಕ್ಕನ ಸಹಿ ಎಲ್ಲೈತ್ರಿ?"

ಚನ್ನವೀರಪ್ಪ ನಕ್ಕ. "ಅಕ್ಕಗ ವರ್ಷಾ ಪಂಚಮಿಗೆ ಸೀರಿ ಕೊಡಾಕತ್ತೇನಿ. ಆಕಿ ಪಾಲು ಅದರಾಗ ಮುಟ್ಟೇತಿ."

"ಸೀರಿ ಕೊಟ್ರ ಹಕ್ಕು ಹೋಗೂದಿಲ್ರಿ. ಆಕಿ ಕ್ರಯಪತ್ರಕ್ಕ ಸಹಿ ಹಾಕಬೇಕು, ಇಲ್ಲಂದ್ರ ಹಕ್ಕು ಬಿಟ್ಟ ಪತ್ರ ನೋಂದಣಿ ಆಗಬೇಕು."

ನನಗೆ ತಲೆ ಕೆಟ್ಟುಹೋಯಿತು. ಈ ಪ್ರಶ್ನೆಯನ್ನು ಮುಂಗಡ ಕೊಡುವ ಮೊದಲೇ ನಾನು ಕೇಳಬೇಕಿತ್ತು. ಚನ್ನವೀರಪ್ಪ ಫೋನು ಮಾಡಿದ. ಎರಡು ತಾಸು ನಾನು ಅಡ್ಡಾಡಿ ಅಡ್ಡಾಡಿ ದಣಿದ ಮೇಲೆ, ಅವನ ಅಕ್ಕ ನೀಲವ್ವ ಹತ್ತಿಮತ್ತೂರಿನ ಬಸ್ಸಿನಿಂದ ಇಳಿದರು. ನಾನೇ ಓಡಿಹೋಗಿ ಪೆನ್ನು ಚಾಚಿದೆ. ಚನ್ನವೀರಪ್ಪ ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಅವರು ಅದನ್ನು ಮುಟ್ಟಲಿಲ್ಲ.

"ನೀ ಕೊಟ್ಟ ಸೀರಿ ಎಲ್ಲಾ ಉಟ್ಟು ಹರದೇನಿ, ತಮ್ಮಾ," ಎಂದರು. "ಅಪ್ಪ ಕಟ್ಟಿಸಿದ ಮನಿ ಇನ್ನೂ ಹಂಗ ನಿಂತೈತಿ."