ಮೂರು ಸಣ್ಣ ಲೋಪ

"ಎಡಬದುವಿನಿಂದ ನಾ ಒಬ್ಬೊಬ್ಬರನ್ನ ಹೇಳ್ಕೋತ ಬರ್ತೀನಿ, ನೀ ಹುಡುಕು ಬೇ," ಎಂದಳು ಪಕೀರಮ್ಮ. ಜವಳಗೇರಾದ ನಾಟಿ ಗುಂಪಿನ ಮುಂದಾಳು ಅವಳು. ಅಕ್ಷರ ಬರುವುದಿಲ್ಲ, ಗದ್ದೆಯಲ್ಲಿ ಯಾರ ಪಕ್ಕ ಯಾರು ನಿಲ್ಲುತ್ತಾರೆಂಬುದು ಬಾಯಿಪಾಠ.

ಐದನೆಯವಳು ಕರೆಮ್ಮ. ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮಹೇಶ್ವರಿ ಪರದೆಯ ಮೇಲಿನ ಕಾರ್ಡು ಪಟ್ಟಿಯಲ್ಲಿ ಎರಡು ಸಲ ಹುಡುಕಿದಳು. ಇಲ್ಲ. ದುರ್ಗಾದೇವಿಯೂ ಇಲ್ಲ. ನಲವತ್ತೊಂದು ಜನರಲ್ಲಿ ಆರು ಮಂದಿ ಇರಲಿಲ್ಲ, ಅವರಲ್ಲಿ ಒಬ್ಬಳು ಸ್ವತಃ ಪಕೀರಮ್ಮ.

"ಸೋಮವಾರದಿಂದ ಕಾರ್ಡ್ ಇಲ್ಲದಾಕಿಗೆ ಕೆಲಸಿಲ್ಲ ಅಂದಾರ ಸಂಘದವರು. ನಾವೇನು ಮಣ್ಣು ತಿನ್ನೋಣೇನು?"

ಕೂಲಿಕಾರರ ಸಂಘ ಹೆಂಗಸರಿಗೆ ಕೊಡುವ ಕಾರ್ಡು ಅಚ್ಚು ಹಾಕುವ ಕೆಲಸ ಸಿಂಧನೂರಿನ ಜಂಬಣ್ಣನ ಪ್ರೆಸ್ಸಿಗೆ ಸಿಕ್ಕಿತ್ತು. ಮಸ್ಕಿ, ಲಿಂಗಸುಗೂರು ಕಡೆಯವರೂ ಸೇರಿ ಎಲ್ಲರ ಹೆಸರು ಒಂದೇ ದೊಡ್ಡ ಎಕ್ಸ್‌ಎಂಎಲ್ ಕಡತದಲ್ಲಿ, ಒಂದೊಂದು ವಿವರಕ್ಕೂ ಒಂದೊಂದು ಗುರುತು ಹಚ್ಚಿ, ಇದ್ದವು. ಅದನ್ನು ಕಾರ್ಡಿನ ರೂಪಕ್ಕೆ ತರುವ ಎರಡು ತಂತ್ರಾಂಶಗಳಲ್ಲಿ ಯಾವುದು ಒಳ್ಳೆಯದು ನೋಡೆಂದು ಜಂಬಣ್ಣ ಮಹೇಶ್ವರಿಗೆ ಹೇಳಿದ್ದ. ಮೂರು ದಿನ ನೋಡಿದಳು. ಮೊದಲನೆಯದು ಅಂಥ ಕಡತ ಓದುವ ನಿಯಮ ಒಂದನ್ನೂ ತಪ್ಪುತ್ತಿರಲಿಲ್ಲ, ಆದರೆ ಮೆಮೊರಿಯನ್ನೆಲ್ಲ ತಿಂದು ಹಳೆಯ ಕಂಪ್ಯೂಟರನ್ನು ನಿಲ್ಲಿಸಿಬಿಡುತ್ತಿತ್ತು. ಎರಡನೆಯದಕ್ಕೆ ಅದರ ಕಾಲುಭಾಗ ಸಾಕು. ಆ ನಿಯಮಗಳ ನೂರ ನಲವತ್ತು ಪರೀಕ್ಷೆಗಳಲ್ಲಿ ಮೂರರಲ್ಲಿ ಮಾತ್ರ ಸೋತಿತ್ತು. 'ಮೂರು ಸಣ್ಣ ಲೋಪ, ನಡೆಯುತ್ತದೆ' ಎಂದು ಬರೆದುಕೊಟ್ಟವಳು ಅವಳೇ.

ಈಗ ಮೂಲ ಕಡತ ತೆರೆದಳು. ಆರೂ ಮಂದಿ ಅಲ್ಲಿದ್ದರು. ಗಂಡನ ಹೆಸರಿನ ಜಾಗ ಮಾತ್ರ ಖಾಲಿ. ಎರಡನೆಯ ತಂತ್ರಾಂಶ ಖಾಲಿ ಜಾಗ ಕಂಡಲ್ಲೆಲ್ಲ ಇಡೀ ಹೆಂಗಸನ್ನೇ ಬಿಟ್ಟುಬಿಟ್ಟಿತ್ತು! ಆ ಮೂರು ಲೋಪಗಳಲ್ಲಿ ಇದೂ ಒಂದು. ಮಹೇಶ್ವರಿಗೆ ಅಳುವೇ ಬಂದಂತಾಯಿತು.

ಎದ್ದುಹೋಗಿ ಜಂಬಣ್ಣನಿಗೆ ಹೇಳಿದಳು. "ತಪ್ಪು ನಂದೇರಿ ಸರ್."

"ಮೂರು ದಿನ ಕುಂತು ಏನ್ ಕಡದು ಕಟ್ಟಿ ಹಾಕಿದಿ?" ಜಂಬಣ್ಣ ರೇಗಿದ. "ಹೋಗ್ಲಿ, ಗಂಡನ ಜಾಗದಾಗ ಒಂದು ಗೀಟು ಎಳಿ. ಹೆಸರು ಬರ್ತಾವ."

"ಇವ್ರು ಬಂದು ಕೇಳಿದ್ದಕ್ಕ ಇದು ಗೊತ್ತಾತ್ರಿ. ಉಳಿದ ಎರಡು ಲೋಪ ಮಸ್ಕ್ಯಾಗ ಯಾರನ್ನ ಬಿಟ್ಟಾವೋ, ನನಗೂ ಗೊತ್ತಿಲ್ಲ. ಮೊದಲನೇ ತಂತ್ರಾಂಶದಾಗ ಒಂದೊಂದು ಊರು ಬ್ಯಾರೆ ಮಾಡಿ ಹಾಕ್ತೀನ್ರಿ. ತಡ ಆಗ್ತದ, ಆದ್ರ ಮಷೀನು ನಿಲ್ಲಂಗಿಲ್ಲ."

ಜಂಬಣ್ಣ ಪಕೀರಮ್ಮನ ಕಡೆ ನೋಡಿದ. ಆಮೇಲೆ ಅಚ್ಚಿನ ಕೋಣೆಗೆ ಕೂಗಿ ಕೆಲಸ ನಿಲ್ಲಿಸಿದ.

ಜವಳಗೇರಾದ ಕಾರ್ಡುಗಳು ಬರುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಮಹೇಶ್ವರಿ ಒಂದನ್ನು ಪಕೀರಮ್ಮನ ಕೈಗಿಟ್ಟಳು.

"ಇದು ನಿಮ್ದು. ಇಲ್ಲಿ ನಿಮ್ಮ ಹೆಸರು."

"ಗಂಡಂದು?"

ಮಹೇಶ್ವರಿ ಅದರ ಕೆಳಗಿನ ಬಿಳಿ ಜಾಗ ತೋರಿಸಿದಳು. ಪಕೀರಮ್ಮ ಅದರ ಮೇಲೆ ಹೆಬ್ಬೆರಳು ಆಡಿಸಿದಳು.

"ಇರ್ಲಿ ಬಿಡು. ಕರೆಮ್ಮಂದು ತಗಿ, ಆಕಿ ಮುಂಜಾನಿಂದ ಹೊರಗ ನಿಂತಾಳ."

ಬಾಗಿಲಾಚೆ ಕರೆಮ್ಮ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.