ಹಾಲಿಸ್ ಸಾಹೇಬರ ಅಜ್ಜನ ಬೆಲ್ಟು

ಬ್ಯಾಪ್ಟಿಸ್ಟ್ ಎಂಬ ನನ್ನ ಗಂಡ ಸುಳ್ಳು ಹೇಳುವವರಲ್ಲ, ತರ್ಜುಮೆ ಮಾಡುವವರು. ಎಪ್ಪತ್ತರ ದಶಕದ ಕೊನೆಯಲ್ಲಿ ಗಲ್ಫಿನ ಮೀನಾ ಸಲ್ಮಾನ್ ಬಂದರಿನಲ್ಲಿ, ಹಡಗುಗಳಿಗೆ ಕ್ಯಾನ್ವಾಸ್ ಹೊಲಿಯುವ ಒಂದು ವರ್ಕ್‌ಶಾಪಿನಲ್ಲಿದ್ದರು. ಅಮೆರಿಕದ ಮ್ಯಾನೇಜರ್ ಹಾಲಿಸ್ ಸಾಹೇಬರ ಮಾತನ್ನು ಕೆಲಸಗಾರರಿಗೆ, ಕೆಲಸಗಾರರ ಮಾತನ್ನು ಸಾಹೇಬರಿಗೆ ತಲುಪಿಸುವುದು ನನ್ನವರ ಕೆಲಸ. ದಾರಿಯಲ್ಲಿ ಬೇಕಾದಷ್ಟು ಸಕ್ಕರೆ ಬೆರೆಯುತ್ತಿತ್ತು.

ಸಾಹೇಬರಿಗೆ ಹಳೆಯ ಸೈನ್ಯದ ಸಾಮಾನಿನ ಹುಚ್ಚು. ಬೆನ್ನಚೀಲ, ನೀರಿನ ಬಾಟಲಿಯ ಚೀಲ, ಕಾಲಿಗೆ ಸುತ್ತುವ ಪಟ್ಟಿ, ಎಲ್ಲ ಗಾಜಿನ ಕಪಾಟಿನಲ್ಲಿ, ದೀಪದ ಕೆಳಗೆ. ನಮ್ಮ ಮನೆಯ ದೇವರ ಅಲ್ತಾರಿಗೂ ಅಷ್ಟು ಬೆಳಕಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಅಜ್ಜನ ಬೆಲ್ಟು. ಮೊದಲನೇ ಮಹಾಯುದ್ಧದ್ದು. ದಪ್ಪ ನೂಲಿನ ನೇಯ್ಗೆ, ಬಂದೂಕಿನ ತೋಟೆ ತುಂಬಲು ಸಾಲು ಜೇಬು, ಹಿತ್ತಾಳೆ ಗುಂಡಿಗಳ ಮೇಲೆ ಹದ್ದು. ಅಜ್ಜ ಯುದ್ಧಕ್ಕೆ ಹೋದವರಲ್ಲ. ಉಗ್ರಾಣದಲ್ಲಿ ಕೂತು, ಹೋಗುವವರಿಗೆ ಬೆಲ್ಟು ಹಂಚಿದವರು. ಇದನ್ನು ಸಾಹೇಬರೇ ನಗುತ್ತಾ ನಮಗೆ ಹೇಳಿದ್ದರು.

ಅದರ ಒಂದು ಜೇಬಿನ ಹೊಲಿಗೆ ಬಿಟ್ಟಿತು. ಸಾಹೇಬರು ಬೆಲ್ಟನ್ನು ಉಡುಪಿ ಕಡೆಯ ಸುಂದರನಿಗೆ ಕೊಟ್ಟು, ಒಂದು ಹನಿ ನೀರು ತಾಗಿದರೂ ಊರಿಗೆ ಕಳಿಸುತ್ತೇನೆ ಎಂದರು. ಸುಂದರನ ವೀಸಾ ಆ ತಿಂಗಳೇ ಮುಗಿಯುವುದರಲ್ಲಿತ್ತು. ಅವನು ಉಸಿರು ಬಿಗಿಹಿಡಿದು ಹೊಲಿದು ಮೇಜಿನ ಮೇಲಿಟ್ಟ.

ಮರುದಿನ ಆಯುಧಪೂಜೆ. ಮೆಷಿನ್ನು, ಕತ್ತರಿ, ದಬ್ಬಣಗಳಿಗೆಲ್ಲ ಕುಂಕುಮ ಹಚ್ಚಿದವನಿಗೆ, ಯುದ್ಧದ ಸಾಮಾನನ್ನೇ ಬಿಟ್ಟರೆ ಅದೆಂಥ ಆಯುಧಪೂಜೆ ಅನ್ನಿಸಿತು. ನೀರು ತಾಗಿಸಬಾರದಲ್ಲ, ಅದಕ್ಕೆ ಬೆಲ್ಟಿನ ಕುಂಕುಮವನ್ನು ಮಾತ್ರ ತೆಂಗಿನೆಣ್ಣೆಯಲ್ಲಿ ಕಲಸಿದ. ಸೆಕೆಗೆ ಎಣ್ಣೆ ಇಳಿಯಿತು. ಸಂಜೆಯೊಳಗೆ ಅಂಗೈಯಗಲ ಕಂದು ಕಲೆ.

ನನ್ನವರು ಸುಂದರನನ್ನು ಎಳೆದುಕೊಂಡೇ ಸಾಹೇಬರ ಬಳಿ ಹೋದರು. ಅವನು ನಾನೇ ಹಚ್ಚಿದ್ದು ಎಂದು ಸಾಹೇಬರಿಗೆ ಬಾರದ ಹಿಂದಿಯಲ್ಲಿ ಒಪ್ಪಿಕೊಂಡ. ಧೂಳು ಕೊಡವಿದಾಗ ಹಳೆಯ ಕಲೆಯೊಂದು ಒಳಗಿಂದ ಕಂಡಿತಂತೆ ಎಂದು ನನ್ನವರು ತರ್ಜುಮೆ ಮಾಡಿದರು. ಸಾಹೇಬರು ಬೆಲ್ಟನ್ನು ಬೆಳಕಿಗೆ ಹಿಡಿದರು, ಕುರ್ಚಿಯಲ್ಲಿ ಕುಸಿದು ಕೂತರು. ಕಣ್ಣು ತುಂಬಿತ್ತು.

"ರಕ್ತ," ಎಂದರು.

ಶುಕ್ರವಾರ ಸಾಹೇಬರ ಮನೆಯ ಪಾರ್ಟಿಯ ಹೊತ್ತಿಗೆ ಅವರ ಕತೆಯಲ್ಲಿ ಅಜ್ಜ ಉಗ್ರಾಣದಿಂದೆದ್ದು ಫ್ರಾನ್ಸಿಗೆ ಹೋಗಿ ಗುಂಡೇಟು ತಿಂದಾಗಿತ್ತು. ಅತಿಥಿಗಳು ತಲೆ ತಗ್ಗಿಸಿ ನಿಂತರು. ನನಗೆ ನಗು ತಡೆಯಲಾಗಲಿಲ್ಲ, ನನ್ನವರು ನನ್ನ ಕಾಲು ತುಳಿದರು. ಕಪಾಟು ಸರಿಮಾಡಲು ಬಂದಿದ್ದ ಸುಂದರ ಮಾತ್ರ ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡಿದ್ದ. ದೇವರಿಗಿಟ್ಟದ್ದನ್ನು ಹೀಗೆ ಮಾಡಿದರಲ್ಲ ಎಂದು ಅವನಿಗೆ ಸಂಕಟ.

ಅತಿಥಿಗಳು ಹೋದ ಮೇಲೆ ಅವನು ನನ್ನವರನ್ನು ನಂಬದೆ, ತನಗೆ ಬರುವ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲೇ ಹೇಳಿಬಿಟ್ಟ: ರಕ್ತ ಅಲ್ಲ, ಕುಂಕುಮ, ನಾನು ಹಾಕಿದ್ದು. ವೀಸಾ ಹೋಯಿತು ಎಂದು ನಾನು ಅಂದುಕೊಂಡೆ, ಪಾಪ ಅನ್ನಿಸಿತು.

ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಇದು ಬೇರೆ ಯಾರಿಗೆ ಗೊತ್ತು ಎಂದು ಕೇಳಿದರು. ಯಾರಿಗೂ ಇಲ್ಲ ಎಂದರು ನನ್ನವರು, ಪಕ್ಕದಲ್ಲೇ ನಾನು ನಿಂತಿದ್ದರೂ. ಹಾಗಾದರೆ ವೀಸಾ ಆಗುತ್ತದೆ, ಬಣ್ಣ ಮಾಸಿದಾಗ ಇನ್ನಷ್ಟು ಹಚ್ಚಿಕೊಡಲಿ ಎಂದರು ಸಾಹೇಬರು.

ಸುಂದರ ನನ್ನವರ ಕಡೆ ತಿರುಗಿ, ಊರ ಕಡೆ ಕ್ರೈಸ್ತರನ್ನು ಕರೆಯುವ ಹೆಸರಿನಲ್ಲೇ ಕರೆದು ಹೇಳಿದ. "ಪೂಜೆಗಾದ್ರೆ ಹಚ್ತೇನೆ ಪೊರ್ಬುಗಳೇ. ರಕ್ತಕ್ಕೆ ಅಂತ ಆದ್ರೆ ನನ್ನಿಂದ ಆಗುದಿಲ್ಲ. ಹಾಗೇ ಹೇಳಿ ಅವರಿಗೆ."

"ಸಂತೋಷದಿಂದ ಮಾಡುತ್ತಾನಂತೆ," ಎಂದರು ನನ್ನವರು ಇಂಗ್ಲಿಷಿನಲ್ಲಿ.

ವೀಸಾ ಆಯಿತು. ಮರುವರ್ಷ ಕಲೆ ಮಾಸಿ, ಆಯುಧಪೂಜೆಗೆ ಸರಿಯಾಗಿ ಬೆಲ್ಟು ವರ್ಕ್‌ಶಾಪಿಗೆ ಬಂತು. ಸುಂದರ ಅದನ್ನು ಕತ್ತರಿಯ ಪಕ್ಕ ಇಟ್ಟು ಭಕ್ತಿಯಿಂದ ಪೂಜೆ ಮಾಡಿದ. ಈ ಸಲ ಎಣ್ಣೆ ಕಡಿಮೆ. ನಡುಜೇಬಿನ ಮೇಲೆ ನಾಣ್ಯದಷ್ಟು ಗುಂಡನೆಯ ಬೊಟ್ಟು, ಸುತ್ತ ಗಂಧ, ಮೇಲೆ ಎರಡು ಅಕ್ಕಿಕಾಳು. ಇದನ್ನು ನನ್ನವರು ಹೇಗೆ ತರ್ಜುಮೆ ಮಾಡುತ್ತಾರೆಂದು ನೋಡಲು ನಾನೂ ಸಾಹೇಬರ ಮನೆಗೆ ಹೊರಟೆ.