ಕುಂಬಳಕಾಯಿ ಒಡೆದ ಮಷೀನು

ಮಷೀನು ವರ್ಷವರ್ಷ ಸವೆಯುತ್ತದೆ, ಲೆಕ್ಕದಲ್ಲಿ ಅದರ ಬೆಲೆಯನ್ನೂ ಇಳಿಸುತ್ತ ಹೋಗಬೇಕು ಎಂದು ವಿಜಯಶ್ರೀ ಮೂರು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದಳು. ಮಾನ್ವಿಯ ಈ ರೈಸ್ ಮಿಲ್ಲಿನ ಲೆಕ್ಕ ನೋಡಲು ಅವಳು ರಾಯಚೂರಿನಿಂದ ಬರುತ್ತಿದ್ದಳು.

"ಆಯುಧಪೂಜಿಗೆ ಕುಂಬಳಕಾಯಿ ಒಡದ ಮಷೀನದು. ಅದರ ಬೆಲಿ ಇಳಿಸಂತೀಯೇನವ್ವಾ?" ಎಂದು ಸಾಹುಕಾರ ಚನ್ನವೀರಪ್ಪ ಈ ಸಲವೂ ಸಿಡುಕಿದರು. "ತಂದಾಗ ಹನ್ನೆರಡು ಲಕ್ಷ. ಇವತ್ತೂ ಅಷ್ಟ ಬರಿ."

ವಿಜಯಶ್ರೀಗೆ ತಲೆ ಚಿಟ್ಟು ಹಿಡಿಯಿತು.

ಅಷ್ಟರಲ್ಲಿ ದೇವದುರ್ಗದಿಂದ ಫೋನ್ ಬಂತು. ಅಲ್ಲಿನ ಮಿಲ್ಲೊಂದು ಅಂಥದ್ದೇ ಹಳೆಯ ಮಷೀನನ್ನು ಮಾರುವುದಿತ್ತು.

"ಎಂಟು ಲಕ್ಷ ಏನ್ರೀ? ಹತ್ತು ವರ್ಷ ಸವದದ್ದು ಅದು! ಎರಡಕ್ಕ ಕೊಡ್ರಿ" ಎಂದು ಚನ್ನವೀರಪ್ಪ ಗದರಿ ಫೋನಿಟ್ಟರು.

ವಿಜಯಶ್ರೀ ಕಂಪ್ಯೂಟರಿನಿಂದ ಕತ್ತೆತ್ತಿದಳು.

"ಯಾಕ್ರೀ ಸಾಹುಕಾರ್ರ, ದೇವದುರ್ಗದಾಗ ಕುಂಬಳಕಾಯಿ ಒಡಿಯೂದಿಲ್ಲೇನು?"